ಮೈಮೇಲೆ ಮೂಡುವ ಪಂಚಗಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಪಂಚಗಾಯ ಅಂದರೆ ಏನು?

ಶಿಲುಬೆಯ ಮೇಲೆ ಯೇಸುವಿನ ಎರಡು ಕೈ, ಎರಡು ಪಾದ ಮತ್ತು ಪಕ್ಕೆಗೆ ಆದ ಗಾಯಗಳಿಗೆ ಪಂಚಗಾಯ ಎಂದು ಹೆಸರು. ಯಾರೂ ಹೊಡೆಯದೆ, ಚುಚ್ಚದೆ ಅಂಥದೇ ಗಾಯಗಳು ಒಬ್ಬ ಭಕ್ತರ ಮೈಮೇಲೆ ಕಾಣಿಸಿಕೊಂಡವು ಎಂದಾಗ ಅದನ್ನು ಸ್ಟಿಗ್ಮಾಟ ಅನ್ನುತ್ತಾರೆ. ಕನ್ನಡ ಕಥೋಲಿಕರು ಇದನ್ನೂ ಪಂಚಗಾಯ ಅಂತಲೇ ಕರೆಯುವುದು ರೂಢಿ.

ಹೆಸರಿನಲ್ಲಿ ಐದು ಇದ್ದರೂ ಲೆಕ್ಕ ಯಾವಾಗಲೂ ಐದಲ್ಲ. ಇಟಲಿಯ ಕಾಶಿಯಾ ಎಂಬ ಊರಿನ ಸಂತ ರೀಟಾ ಅವರಿಗಿದ್ದದ್ದು ಹಣೆಯ ಮೇಲೆ ಒಂದೇ ಒಂದು ಮುಳ್ಳಿನ ಗಾಯ. ಕೆಲವರಿಗೆ ತಲೆಯ ಸುತ್ತ ಮುಳ್ಳಿನ ಕಿರೀಟದ ಗುರುತು, ಕೆಲವರಿಗೆ ಬೆನ್ನ ಮೇಲೆ ಚಾಟಿಯೇಟಿನ ಬಾಸುಂಡೆ, ಇನ್ನು ಕೆಲವರಿಗೆ ಶಿಲುಬೆ ಹೊತ್ತ ಹೆಗಲ ಮೇಲೆ ಗಾಯ.

ಈ ಪದ ಎಲ್ಲಿಂದ ಬಂತು?

ಗ್ರೀಕಿನಲ್ಲಿ ಸ್ಟಿಗ್ಮಾ ಅಂದರೆ ಚುಚ್ಚಿ ಅಥವಾ ಸುಟ್ಟು ಹಾಕಿದ ಗುರುತು. ಸ್ಟಿಗ್ಮಾಟ ಅದರ ಬಹುವಚನ. ಓಡಿಹೋದ ಗುಲಾಮರಿಗೆ ಇಂಥ ಗುರುತು ಹಾಕುತ್ತಿದ್ದರು. ದೇವಸ್ಥಾನಕ್ಕೆ ಶರಣು ಬಂದವರಿಗೂ ಹಾಕುತ್ತಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯ, 17ನೇ ವಚನದಲ್ಲಿ ತಮ್ಮ ದೇಹದ ಮೇಲೆ ಯೇಸುವಿನ ಮುದ್ರೆಗಳಿವೆ ಎನ್ನುವಾಗ ಬಳಸಿದ್ದು ಇದೇ ಪದ. ಪೌಲರು ಹೇಳಿದ್ದು ತಾವು ತಿಂದ ಏಟುಗಳ ಕಲೆಯ ಬಗ್ಗೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕನ್ನಡನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಧ್ವ ಸಂಪ್ರದಾಯದ ತಪ್ತಮುದ್ರಾಧಾರಣೆಯಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ತೋಳಿನ ಮೇಲೆ ಒತ್ತಿಸಿಕೊಳ್ಳುವುದರ ಹಿಂದಿರುವ ಭಾವವೂ ಅದೇ: ನಾನು ಇಂಥ ಸ್ವಾಮಿಗೆ ಸೇರಿದವನು. ಆದರೆ ಅಲ್ಲಿ ಗುರುಗಳು ಎಲ್ಲರ ಎದುರು ಮುದ್ರೆ ಹಾಕುತ್ತಾರೆ. ಪಂಚಗಾಯದಲ್ಲಿ ಹಾಕಿದವರು ಯಾರು ಎಂಬುದೇ ಪ್ರಶ್ನೆ.

ಮೊದಲು ಇದು ಯಾರಿಗೆ ಆಯಿತು?

ದಾಖಲೆ ಗಟ್ಟಿಯಾಗಿರುವ ಮೊದಲ ಪ್ರಕರಣ ಅಸ್ಸಿಸಿಯ ಸಂತ ಫ್ರಾನ್ಸಿಸರದು. 1224ರಲ್ಲಿ ಅವರು ಇಟಲಿಯ ಟಸ್ಕನಿಯಲ್ಲಿರುವ ಲಾ ವೆರ್ನಾ ಬೆಟ್ಟದಲ್ಲಿದ್ದರು. ಆಗಸ್ಟ್ 15ರ ಮರಿಯಮ್ಮನವರ ಹಬ್ಬದಿಂದ ಸೆಪ್ಟೆಂಬರ್ 29ರ ಸಂತ ಮೈಕೆಲರ ಹಬ್ಬದವರೆಗೆ ಉಪವಾಸ ಹಿಡಿದಿದ್ದರು. ನಡುವೆ, ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದ ಸುಮಾರಿಗೆ, ಆರು ರೆಕ್ಕೆಯ ದೇವದೂತನೊಬ್ಬ ಶಿಲುಬೆಗೆ ಜಡಿದ ರೂಪದಲ್ಲಿ ಅವರಿಗೆ ಕಾಣಿಸಿದ. ದರ್ಶನ ಮುಗಿದ ಮೇಲೆ ಗಾಯಗಳು ಮೂಡಿದವು.

ಈ ಪ್ರಕರಣ ಬೇರೆಲ್ಲದಕ್ಕಿಂತ ವಿಶಿಷ್ಟ. ಮೊದಲ ಜೀವನಚರಿತ್ರೆ ಬರೆದ ಚೆಲಾನೋದ ಥಾಮಸ್ ರಂಧ್ರದ ಬಗ್ಗೆ ಹೇಳುವುದಿಲ್ಲ. ಮಾಂಸವೇ ಬೆಳೆದು ಮೊಳೆಯ ಆಕಾರ ಪಡೆದಿತ್ತು ಎನ್ನುತ್ತಾರೆ: ಅಂಗೈಯೊಳಗೆ ಮೊಳೆಯ ದುಂಡುತಲೆ, ಆಚೆ ಬದಿಯಲ್ಲಿ ಬಗ್ಗಿಸಿದಂಥ ಮೊನೆ, ಬಣ್ಣ ಕಪ್ಪು. ಪಕ್ಕೆಯ ಗಾಯ ಮಾತ್ರ ಸೀಳಿದಂತಿದ್ದು ಆಗಾಗ ರಕ್ತ ಒಸರುತ್ತಿತ್ತು.

ಫ್ರಾನ್ಸಿಸರು ಬದುಕಿದ್ದಷ್ಟು ದಿನ ಇದನ್ನು ಮುಚ್ಚಿಟ್ಟರು. 1226ರ ಅಕ್ಟೋಬರ್ 3ರಂದು ಅವರು ತೀರಿಕೊಂಡ ಮೇಲೆ, ಅವರು ಕಟ್ಟಿದ ಸಂನ್ಯಾಸಿ ಸಂಘದ ಸಹೋದರ ಎಲಿಯಾಸ್ ಪತ್ರ ಬರೆದು ಸಂಘದವರಿಗೆಲ್ಲ ತಿಳಿಸಿದರು. ಬೆಟ್ಟದಲ್ಲಿ ಜೊತೆಗಿದ್ದ ಸಹೋದರ ಲಿಯೋ, ಫ್ರಾನ್ಸಿಸರ ಕೈಬರಹವಿದ್ದ ಒಂದು ಚರ್ಮದ ಹಾಳೆಯ ಮೇಲೆ ತಮ್ಮ ಸಾಕ್ಷ್ಯವನ್ನು ಕೆಂಪು ಮಸಿಯಲ್ಲಿ ಬರೆದರು. ಆ ಹಾಳೆ ಅಸ್ಸಿಸಿಯಲ್ಲಿ ಇಂದಿಗೂ ಇದೆ. ಎಂಟುನೂರು ವರ್ಷದ ಹಿಂದಿನ ಘಟನೆಯೊಂದಕ್ಕೆ ಜೊತೆಗಿದ್ದವರ ಕೈಬರಹದ ಸಾಕ್ಷ್ಯ ಸಿಗುವುದು ತೀರಾ ಅಪರೂಪ.

ಹಾಗೆಂದು ಎಲ್ಲರೂ ಒಪ್ಪಲಿಲ್ಲ. 1228ರಲ್ಲಿ ಅವರನ್ನು ಸಂತರೆಂದು ಸಾರಿದ ಪೋಪರ ಆಜ್ಞಾಪತ್ರದಲ್ಲಿ ಗಾಯಗಳ ಮಾತೇ ಇಲ್ಲ. ಅದೇ ಪೋಪ್ ಒಂಬತ್ತನೆಯ ಗ್ರೆಗರಿ 1237ರಲ್ಲಿ ಗಾಯಗಳು ನಿಜವೆಂದು ಪತ್ರಗಳನ್ನು ಹೊರಡಿಸಬೇಕಾಯಿತು; ಸಂದೇಹಪಟ್ಟವರಲ್ಲಿ ಒಬ್ಬ ಧರ್ಮಾಧ್ಯಕ್ಷರೂ (ಬಿಷಪ್) ಇದ್ದರು.

ಅದಕ್ಕೂ ಮುಂಚೆ ಸಾವಿರ ವರ್ಷ ಯಾರಿಗೂ ಯಾಕೆ ಆಗಲಿಲ್ಲ?

ಮೊದಲ ಸಾವಿರ ವರ್ಷದ ಕ್ರೈಸ್ತ ಕಲೆಯಲ್ಲಿ ಶಿಲುಬೆಯ ಮೇಲಿನ ಯೇಸು ಕಣ್ಣು ತೆರೆದು ನಿಂತ ರಾಜ. ಸಾವನ್ನು ಗೆದ್ದವನು. 11 ಮತ್ತು 12ನೇ ಶತಮಾನದಲ್ಲಿ ಭಕ್ತಿಯ ದಿಕ್ಕು ಬದಲಾಯಿತು. ನೋವುಣ್ಣುವ, ರಕ್ತ ಸುರಿಸುವ, ತಲೆ ವಾಲಿದ ಯೇಸು ಚಿತ್ರಗಳಿಗೆ ಬಂದ. ಜನ ಆ ಗಾಯಗಳನ್ನೇ ಒಂದೊಂದಾಗಿ ಧ್ಯಾನಿಸತೊಡಗಿದರು. ಪಂಚಗಾಯದ ಪ್ರಕರಣಗಳು ಬರುವುದು ಅದರ ಬೆನ್ನಿಗೇ. 1222ರಲ್ಲಿ, ಅಂದರೆ ಫ್ರಾನ್ಸಿಸರಿಗಿಂತ ಎರಡು ವರ್ಷ ಮೊದಲು, ತನ್ನ ಮೈಮೇಲೆ ಯೇಸುವಿನ ಗಾಯಗಳಿವೆ ಎಂದು ತೋರಿಸುತ್ತಿದ್ದ ಒಬ್ಬನಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಧರ್ಮಸಮ್ಮೇಳನ ಶಿಕ್ಷೆ ಕೊಟ್ಟಿತ್ತು. ಹಾಗಾಗಿ ಈ ಕಲ್ಪನೆ ಆಗಲೇ ಗಾಳಿಯಲ್ಲಿತ್ತು.

ಭಕ್ತರು ನೋಡುತ್ತಿದ್ದ ಮೂರ್ತಿಗೂ ಮೂಡಿದ ಗಾಯಕ್ಕೂ ನಂಟಿರುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಜರ್ಮನಿಯ ಆನ್ ಕ್ಯಾಥರೀನ್ ಎಮ್ಮೆರಿಕ್. ಅವರ ಎದೆಯ ಮೇಲಿದ್ದ ಶಿಲುಬೆ ಗುರುತು ಸಾಮಾನ್ಯ ಶಿಲುಬೆಯಂತಿರದೆ ಕವೆಗೋಲಿನ ಆಕಾರದಲ್ಲಿತ್ತು. ಅವರ ಊರಿನ ಹತ್ತಿರದ ಕೋಸ್‌ಫೆಲ್ಡ್ ಚರ್ಚಿನಲ್ಲಿರುವ ಹಳೆಯ ಶಿಲುಬೆಯ ಆಕಾರವೂ ಅದೇ.

ಗಾಯ ಕಣ್ಣಿಗೆ ಕಾಣಲೇಬೇಕೆ?

ಇಲ್ಲ. ಸಿಯೆನಾದ ಸಂತ ಕ್ಯಾಥರೀನ್ 1375ರ ಏಪ್ರಿಲ್ 1ರಂದು ಪೀಸಾ ಊರಿನಲ್ಲಿ ಪಂಚಗಾಯ ಪಡೆದರು, ಆದರೆ ಅವು ಹೊರಗೆ ಕಾಣದಿರಲಿ ಎಂದು ಬೇಡಿಕೊಂಡರು ಎಂದು ಅವರ ಆತ್ಮಗುರು ಕಾಪುವಾದ ರೇಮಂಡ್ ಬರೆದಿದ್ದಾರೆ. ನೋವು ಉಳಿಯಿತು, ಗುರುತು ಇಲ್ಲ. ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಕ್ಯಾಥರೀನ್ ಡೊಮಿನಿಕನ್ ಸಂಘದವರು. ಪಂಚಗಾಯ ತಮ್ಮ ಫ್ರಾನ್ಸಿಸರಿಗೆ ಮಾತ್ರ ಸಿಕ್ಕ ಗೌರವ ಎಂದು ಫ್ರಾನ್ಸಿಸ್ಕನ್ನರ ವಾದ. ಫ್ರಾನ್ಸಿಸ್ಕನ್ ಸಂಘದಿಂದಲೇ ಬಂದ ಪೋಪ್ ನಾಲ್ಕನೆಯ ಸಿಕ್ಸ್ಟಸ್ 1470ರ ದಶಕದಲ್ಲಿ ಕ್ಯಾಥರೀನರನ್ನು ಗಾಯಗಳೊಂದಿಗೆ ಚಿತ್ರಿಸುವುದನ್ನೇ ನಿಷೇಧಿಸಿದರು.

ಗಾಯ ಅಂಗೈಯಲ್ಲೋ ಮಣಿಕಟ್ಟಿನಲ್ಲೋ?

ಫ್ರೆಂಚ್ ಶಸ್ತ್ರಚಿಕಿತ್ಸಕ ಪಿಯರ್ ಬಾರ್ಬೆ 1930ರ ದಶಕದಲ್ಲಿ ಕತ್ತರಿಸಿ ತೆಗೆದ ತೋಳುಗಳ ಮೇಲೆ ಪ್ರಯೋಗ ಮಾಡಿ, ಅಂಗೈಗೆ ಹೊಡೆದ ಮೊಳೆ ದೇಹದ ಭಾರ ತಡೆಯದೆ ಮಾಂಸ ಹರಿಯುತ್ತದೆ, ಮೊಳೆ ಮಣಿಕಟ್ಟಿನಲ್ಲೇ ಇದ್ದಿರಬೇಕು ಎಂದರು. ಮುಂದೆ ಬೇರೆ ತಜ್ಞರು ಇದನ್ನು ಪ್ರಶ್ನಿಸಿದ್ದಾರೆ: ಪಾದಕ್ಕೆ ಆಧಾರವಿದ್ದರೆ ಅಂಗೈ ತಡೆಯುತ್ತದೆ, ತೋಳನ್ನು ಹಗ್ಗದಿಂದ ಬಿಗಿದಿರಲೂಬಹುದು. ಬೈಬಲಿನಲ್ಲಿರುವ ಯೊವಾನ್ನರ ಶುಭಸಂದೇಶದಲ್ಲಿ ಕೈ ಎಂಬುದಕ್ಕಿರುವ ಗ್ರೀಕ್ ಪದ ಮಣಿಕಟ್ಟನ್ನೂ ಒಳಗೊಳ್ಳುತ್ತದೆ.

1968ರಲ್ಲಿ ಜೆರುಸಲೇಮಿನಲ್ಲಿ, ಶಿಲುಬೆಗೇರಿಸಿ ಕೊಂದಿದ್ದ ಮೊದಲ ಶತಮಾನದ ಒಬ್ಬನ ಹಿಮ್ಮಡಿ ಮೂಳೆ ಮೊಳೆ ಸಮೇತ ಸಿಕ್ಕಿತು. ಮೊಳೆಯ ಉದ್ದ 11.5 ಸೆಂಟಿಮೀಟರ್. ಅದು ಪಾದದ ಮೇಲ್ಭಾಗದಿಂದ ಹೋಗದೆ ಹಿಮ್ಮಡಿಯ ಪಕ್ಕದಿಂದ ಹೋಗಿತ್ತು. ಪಂಚಗಾಯ ಪಡೆದ ಬಹುತೇಕರಲ್ಲಿ ಗಾಯ ಇರುವುದು ಅಂಗೈ ಮತ್ತು ಪಾದದ ಮೇಲ್ಭಾಗದಲ್ಲಿ, ಅಂದರೆ ಚಿತ್ರಗಳಲ್ಲಿ ಇರುವಲ್ಲಿ. ಪಕ್ಕೆಯ ಗಾಯ ಕೆಲವರಿಗೆ ಬಲಕ್ಕೆ, ಕೆಲವರಿಗೆ ಎಡಕ್ಕೆ. ಯಾವ ಪಕ್ಕೆ ಎಂದು ಶುಭಸಂದೇಶ ಹೇಳುವುದಿಲ್ಲ. ನಂಬುವವರು ಇದಕ್ಕೆ ಕೊಡುವ ಉತ್ತರ: ಗಾಯ ಒಂದು ಸಂಕೇತ, ಭಕ್ತರಿಗೆ ಅರ್ಥವಾಗುವ ಜಾಗದಲ್ಲೇ ಅದು ಮೂಡುತ್ತದೆ. ಒಪ್ಪದವರು ಮನಸ್ಸಿನಲ್ಲಿದ್ದ ಚಿತ್ರವೇ ಮೈಗೆ ಇಳಿಯಿತು ಎನ್ನುತ್ತಾರೆ.

ಪಾದ್ರೆ ಪಿಯೊ ಅವರ ಬಗ್ಗೆ ಇಷ್ಟು ವಾದ ಯಾಕೆ?

ಪಿಯೊ ಇಟಲಿಯ ಒಬ್ಬ ಕಥೋಲಿಕ ಗುರು. ಅವರ ಗಾಯಗಳು ಐವತ್ತು ವರ್ಷ ಇದ್ದವು, ಮತ್ತು ಅದು ಕ್ಯಾಮೆರಾ, ಪತ್ರಿಕೆ, ಪ್ರಯೋಗಾಲಯಗಳ ಕಾಲ. ದಕ್ಷಿಣ ಇಟಲಿಯ ಸಾನ್ ಜೊವಾನ್ನಿ ರೊಟೊಂಡೊ ಮಠದಲ್ಲಿ 1918ರ ಸೆಪ್ಟೆಂಬರ್ 20ರ ಬೆಳಿಗ್ಗೆ ಪೂಜೆ ಮುಗಿಸಿ ಶಿಲುಬೆಯ ಮುಂದೆ ಕುಳಿತಿದ್ದಾಗ ಗಾಯಗಳು ಮೂಡಿದವು. ಆಗ ಅವರಿಗೆ 31 ವರ್ಷ.

1919ರಲ್ಲೇ ಮೂವರು ವೈದ್ಯರು ನೋಡಿದರು. ರೊಮನೆಲ್ಲಿ ಮತ್ತು ಫೆಸ್ಟಾ ಇದಕ್ಕೆ ಸಹಜ ಕಾರಣ ಸಿಗುತ್ತಿಲ್ಲ ಎಂದರು. ರೋಮಿನ ರೋಗಶಾಸ್ತ್ರಜ್ಞ ಬಿನ್ಯಾಮಿ, ಚರ್ಮ ತಾನಾಗಿ ಸತ್ತು ಆದ ಗಾಯ, ಮೇಲೆ ಹಚ್ಚಿದ ಅಯೋಡಿನ್‌ನಂಥ ಔಷಧಿಯಿಂದ ಅದು ಮಾಯದೆ ಉಳಿದಿರಬಹುದು ಎಂದರು. 1921ರಲ್ಲಿ ವ್ಯಾಟಿಕನ್ ಪರವಾಗಿ ಬಂದ ಧರ್ಮಾಧ್ಯಕ್ಷ ರಾಫೇಲೊ ರೊಸ್ಸಿ ಪ್ರಮಾಣ ಮಾಡಿಸಿ ವಿಚಾರಿಸಿದರು. ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಪಕ್ಕೆಯ ಗಾಯ ಒಬ್ಬರಿಗೆ ಪಕ್ಕೆಲುಬಿನ ಗುಂಟ ಇರುವ ಸೀಳು, ಇನ್ನೊಬ್ಬರಿಗೆ ತಲೆಕೆಳಗಾದ ಶಿಲುಬೆ, ರೊಸ್ಸಿಯವರಿಗೆ ತ್ರಿಕೋನದ ಕಲೆ. ಗಾಯ ಬದಲಾಗುತ್ತಿತ್ತೋ, ನೋಡುವವರ ಕಣ್ಣೋ, ಎರಡೂ ಸಾಧ್ಯ.

ಆರೋಪದ ಮುಖ್ಯ ಎಳೆ ಕಾರ್ಬಾಲಿಕ್ ಆಮ್ಲ. ಅವರು ಗುಟ್ಟಾಗಿ ಅದನ್ನು ತರಿಸಲು ಕೇಳಿದ್ದರೆಂದು ಫೋಜ್ಜಾದ ಔಷಧಿ ವ್ಯಾಪಾರಿಯೊಬ್ಬರು ಹೇಳಿಕೆ ಕೊಟ್ಟಿದ್ದರು. ಈ ಆಮ್ಲ ಚರ್ಮವನ್ನು ಸುಡುತ್ತದೆ, ಆ ಕಾಲದಲ್ಲಿ ಸಿರಿಂಜ್ ಶುದ್ಧ ಮಾಡಲೂ ಇದೇ ಬಳಕೆಯಲ್ಲಿತ್ತು. ಮಠದಲ್ಲಿ ಚುಚ್ಚುಮದ್ದು ಕೊಡುವುದಕ್ಕೆ ಬೇಕಿತ್ತು ಎಂದು ಪಿಯೊ ಉತ್ತರಿಸಿದರು. ರೊಸ್ಸಿ ಆ ಉತ್ತರವನ್ನು ಒಪ್ಪಿದರು. ಆದರೂ 1923ರಲ್ಲಿ ವ್ಯಾಟಿಕನ್, ಇದರಲ್ಲಿ ದೈವಿಕವಾದುದು ಇದೆಯೆಂದು ಖಚಿತವಾಗಿಲ್ಲ ಎಂದು ಸಾರಿತು. 1931ರಿಂದ 1933ರವರೆಗೆ ಅವರು ಜನರ ಮುಂದೆ ಪೂಜೆ ಅರ್ಪಿಸುವಂತಿರಲಿಲ್ಲ. ಅವರು ಮರುಮಾತಾಡದೆ ಒಪ್ಪಿಕೊಂಡರು. ನಮ್ಮ ಮಟ್ಟಿಗೆ ಆ ಎರಡು ವರ್ಷಗಳ ಮೌನಕ್ಕೆ ಗಾಯಗಳಿಗಿಂತ ಹೆಚ್ಚು ತೂಕವಿದೆ.

1968ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರ ಕೈಕಾಲುಗಳಲ್ಲಿ ಗಾಯವೂ ಇರಲಿಲ್ಲ, ಕಲೆಯೂ ಇರಲಿಲ್ಲ. ತೀರಿಕೊಂಡ ಮೇಲೆ ತೆಗೆದ ಚಿತ್ರಗಳಿವೆ. 2002ರ ಜೂನ್ 16ರಂದು ಅವರನ್ನು ಸಂತರೆಂದು ಘೋಷಿಸಲಾಯಿತು.

ವೈದ್ಯರು ಪರೀಕ್ಷೆ ಮಾಡುವುದು ಹೇಗೆ?

ಮೊದಲ ಹೆಜ್ಜೆ ನೀರು ಮತ್ತು ಸಾಬೂನು. ನಗೆ ಬರಬಹುದು, ಆದರೆ 1588ರಲ್ಲಿ ಇಡೀ ಯುರೋಪಿನಲ್ಲಿ ಹೆಸರಾಗಿದ್ದ ಲಿಸ್ಬನ್ನಿನ ಮಠಾಧಿಕಾರಿ ಮರಿಯಾ ದ ವಿಸಿಟಸಾವ್ ಅವರ ಗಾಯಗಳು ವಿಚಾರಣಾಧಿಕಾರಿಗಳು ಉಜ್ಜಿ ತೊಳೆದಾಗ ಹೋಗಿಬಿಟ್ಟವು, ಅವು ಬಣ್ಣದವು. ಲುಕ್ಕಾ ಊರಿನ ಸಂತ ಜೆಮ್ಮಾ ಗಲ್ಗಾನಿ ಅವರನ್ನು 1899ರಲ್ಲಿ ನೋಡಿದ ವೈದ್ಯರು ಒದ್ದೆ ಬಟ್ಟೆಯಿಂದ ರಕ್ತ ಒರೆಸಿದಾಗ ಕೆಳಗೆ ಚರ್ಮ ಸರಿಯಾಗೇ ಇತ್ತು. ಬೇರೆ ದಿನ ನೋಡಿದವರು ಗಾಯ ಕಂಡೆವು ಎಂದರು.

ಎರಡನೆಯದು ಮುಚ್ಚಿ ಮೊಹರು ಹಾಕುವುದು. ಗಾಯ ತೊಳೆದು, ಅಳೆದು, ಪಟ್ಟಿ ಕಟ್ಟಿ, ಗಂಟಿನ ಮೇಲೆ ಅರಗಿನ ಮೊಹರು ಒತ್ತಿ, ದಿನ ಕಳೆದ ಮೇಲೆ ಸಾಕ್ಷಿಗಳ ಎದುರು ಬಿಚ್ಚುತ್ತಾರೆ. ಕೈಯಿಂದ ಮಾಡಿಕೊಂಡದ್ದಾದರೆ ಅಷ್ಟರಲ್ಲಿ ಮಾಯಲು ಶುರುವಾಗಿರಬೇಕು. ಸಂತ ವೆರೋನಿಕಾ ಜೂಲಿಯಾನಿ ಅವರ ಕೈಗಳಿಗೆ 1697ರಲ್ಲಿ ಧರ್ಮಾಧ್ಯಕ್ಷರು ಕೈಗವಸು ತೊಡಿಸಿ ಮೊಹರು ಹಾಕಿಸಿದ್ದರು. ಅತ್ಯಂತ ಜಾಣತನದ ಪರೀಕ್ಷೆ ಬೆಲ್ಜಿಯಮ್ಮಿನದು: ಪ್ರತಿ ಶುಕ್ರವಾರ ಲೂಯಿಸ್ ಲಾಟೋ ಎಂಬ ಹಳ್ಳಿ ಹುಡುಗಿಯ ಕೈಯಿಂದ ರಕ್ತ ಬರುತ್ತಿತ್ತು. 1875ರಲ್ಲಿ ಡಾಕ್ಟರ್ ವಾರ್ಲೊಮಾಂ ಅವಳ ತೋಳನ್ನು ಗಾಜಿನ ಕೊಳವೆಯೊಳಗಿಟ್ಟು ಮೊಹರು ಹಾಕಿದರು. ಒಳಗೆ ಏನನ್ನೂ ತೂರಿಸಲು ಆಗದು, ಹೊರಗಿನಿಂದ ಎಲ್ಲವೂ ಕಾಣುತ್ತದೆ. ಶುಕ್ರವಾರ ಬಂದಾಗ ಕೊಳವೆಯೊಳಗೆ ರಕ್ತ ಬಂತು.

ಮೂರನೆಯದು ನಿರಂತರ ಕಾವಲು. ಪಂಚಗಾಯವಿದ್ದ ಜರ್ಮನಿಯ ತೆರೇಸ ನಾಯ್‌ಮನ್ ಊಟ ಬಿಟ್ಟಿದ್ದಾರೆ ಎಂಬ ಮಾತನ್ನು ಪರೀಕ್ಷಿಸಲು 1927ರ ಜುಲೈಯಲ್ಲಿ ನಾಲ್ವರು ಧರ್ಮಭಗಿನಿಯರು ಸರದಿಯಲ್ಲಿ 15 ದಿನ ಕಾದರು. ತೂಕ 55 ಕಿಲೋದಿಂದ 51ಕ್ಕೆ ಇಳಿದು ಕೊನೆಗೆ 55ಕ್ಕೆ ಮರಳಿತ್ತು.

ಹೆಚ್ಚಾಗಿ ಎಡವಟ್ಟಾಗುವುದು ಈ ಮೂರನೆಯ ಹೆಜ್ಜೆಯಲ್ಲೇ. ಕಾವಲು ನಡೆದದ್ದು ಆಸ್ಪತ್ರೆಯಲ್ಲಿ ಅಲ್ಲ, ಅವರ ಮನೆಯಲ್ಲಿ. ಆಮೇಲೆ ಆಸ್ಪತ್ರೆಯಲ್ಲಿ ಎರಡನೆಯ ಸಲ ಪರೀಕ್ಷೆಗೆ ಕೇಳಿದಾಗ ಮನೆಯವರು ಒಪ್ಪಲಿಲ್ಲ. ಕಾಯುವವರು ಭಕ್ತರಾಗಿದ್ದರೆ ದಿಟ್ಟಿಸಿ ನೋಡಲು ಹಿಂಜರಿಯುತ್ತಾರೆ, ವಿರೋಧಿಗಳಾಗಿದ್ದರೆ ಕಂಡದ್ದನ್ನೂ ಬರೆಯುವುದಿಲ್ಲ. ಇನ್ನೊಂದು ತಪ್ಪು, ಮೊಹರು ಹಾಕುವ ಮೊದಲು ಗಾಯದ ಮೇಲೆ ಏನು ಹಚ್ಚಿದ್ದಾರೆಂದು ಕೇಳದೇ ಇರುವುದು.

ವೈದ್ಯಶಾಸ್ತ್ರ ಇದನ್ನು ವಿವರಿಸಿದೆಯೇ?

ಕೆಲವು ತುಣುಕುಗಳನ್ನು ವಿವರಿಸಿದೆ. ಗಾರ್ಡ್‌ನರ್ ಮತ್ತು ಡೈಮಂಡ್ ಎಂಬ ವೈದ್ಯರು 1955ರಲ್ಲಿ ವರ್ಣಿಸಿದ ಕಾಯಿಲೆಯೊಂದರಲ್ಲಿ, ತೀವ್ರ ಮಾನಸಿಕ ಒತ್ತಡದ ನಂತರ ಏಟು ಬೀಳದ ಕಡೆಯೂ ನೋವಿನ ನೀಲಿಗಟ್ಟಿದ ಕಲೆಗಳು ಮೂಡುತ್ತವೆ. ಹೆಮಾಟಿಡ್ರೋಸಿಸ್ ಎಂಬ ಅಪರೂಪದ ಸ್ಥಿತಿಯಲ್ಲಿ ಗಾಯವಿಲ್ಲದ ಚರ್ಮದಿಂದ ರಕ್ತಮಿಶ್ರಿತ ದ್ರವ ಒಸರುತ್ತದೆ. ಗೆತ್ಸೆಮನಿ ತೋಟದಲ್ಲಿ ಯೇಸುವಿನ ಬೆವರು ರಕ್ತದ ಹನಿಗಳಂತಿತ್ತು ಎಂದು ಲೂಕರು ಬರೆದದ್ದನ್ನು ಇದಕ್ಕೆ ಹೋಲಿಸುವವರಿದ್ದಾರೆ. 1932ರ ಶುಭಶುಕ್ರವಾರದ ಹೊತ್ತಿಗೆ ಜರ್ಮನ್ ಮನೋವೈದ್ಯ ಲೆಕ್ಲರ್ ತಮ್ಮ ರೋಗಿಯೊಬ್ಬರಲ್ಲಿ ಸಂಮೋಹನದ ಸೂಚನೆಗಳಿಂದಲೇ ಕೈಕಾಲಿನ ಗಾಯ ಮೂಡಿಸಿದೆ ಎಂದು ಪ್ರಕಟಿಸಿದರು.

ಆದರೆ ಒಂದೇ ಜಾಗದಲ್ಲಿ ದಶಕಗಟ್ಟಲೆ, ಕೀವಾಗದೆ, ಮಾಯದೆ ಇರುವ ಗಾಯವನ್ನು ಈ ಯಾವ ಕಾಯಿಲೆಯೂ ಪೂರ್ತಿ ವಿವರಿಸುವುದಿಲ್ಲ. ತಮಗೆ ಅರಿವಿಲ್ಲದೆಯೇ ತಾವೇ ಚರ್ಮ ಕೆರೆದುಕೊಂಡು ಗಾಯ ಮಾಡಿಕೊಳ್ಳುವವರೂ ಇದ್ದಾರೆ. ಅವರನ್ನು ಮೋಸಗಾರರು ಎನ್ನಲಾಗದು, ಅವರು ರೋಗಿಗಳು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನರಿಗೆ ಅನ್ಯಾಯವಾಗಿದೆ.

ಕರ್ನಾಟಕಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ, ಅದೂ ಮಂಗಳೂರಿನಲ್ಲಿ. ಸಂತ ಮರಿಯಮ್ ಬವಾರ್ದಿ 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ ಹುಟ್ಟಿದ ಅರಬ್ ಕ್ರೈಸ್ತ ಹೆಣ್ಣುಮಗಳು. ಚಿಕ್ಕಂದಿನಲ್ಲೇ ತಂದೆತಾಯಿ ಹೋದರು, ಮನೆಗೆಲಸ ಮಾಡಿ ಬದುಕಿದರು. 1867ರಲ್ಲಿ ಫ್ರಾನ್ಸಿನ ಪೋ ಊರಿನಲ್ಲಿ ಕಾರ್ಮೆಲ್ ಸಂಘದ ಸಂನ್ಯಾಸಿನಿಯರ ಮಠ ಸೇರಿದರು. ಅವರ ಕೈಕಾಲುಗಳಲ್ಲಿ ಪಂಚಗಾಯ ಕಂಡವರು ಅಲ್ಲಿದ್ದರು.

1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ತೆರೆಯಲು ಹೊರಟ ತಂಡದಲ್ಲಿ ಅವರೂ ಇದ್ದರು. ದಾರಿಯಲ್ಲೇ ಮೂವರು ಭಗಿನಿಯರು ತೀರಿಕೊಂಡರು. ಆ ವರ್ಷದ ಕೊನೆಗೆ ಮಠ ಶುರುವಾಯಿತು. 1871ರ ನವೆಂಬರ್ 21ರಂದು ಮರಿಯಮ್ ತಮ್ಮ ವ್ರತಪ್ರತಿಜ್ಞೆ ಮಾಡಿದ್ದು ಮಂಗಳೂರಿನಲ್ಲೇ. ಅಡುಗೆ, ಬಟ್ಟೆ, ನೀರು ಅಂತ ದುಡಿಯುತ್ತಿದ್ದ, ಓದುಬರಹ ಹೆಚ್ಚಾಗಿ ಬಾರದ ಭಗಿನಿಯ ಮೈಮೇಲೆ ಆಗುತ್ತಿದ್ದುದನ್ನು ಹೇಗೆ ತಿಳಿಯಬೇಕೆಂದು ಸುತ್ತಲಿನವರಿಗೆ ಗೊತ್ತಾಗಲಿಲ್ಲ. ಮೊದಲು ಮೆಚ್ಚಿದವರೇ ಆಮೇಲೆ ಸಂಶಯಪಟ್ಟರು, ಇದು ಭ್ರಮೆ ಅಥವಾ ಸೈತಾನನ ಆಟ ಎಂದರು. 1872ರಲ್ಲಿ ಅವರನ್ನು ಫ್ರಾನ್ಸಿಗೆ ವಾಪಸು ಕಳಿಸಿದರು.

ಅವರು 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಿಸಿದರು. ಕಟ್ಟಡದ ಕೂಲಿಯವರಿಗೆ ನೀರು ಒಯ್ಯುವಾಗ ಬಿದ್ದು ತೋಳು ಮುರಿಯಿತು, ಗಾಯ ಕೊಳೆತು 1878ರ ಆಗಸ್ಟ್ 26ರಂದು ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಪಂಚಗಾಯದ ಚರಿತ್ರೆ ಓದುವ ಕನ್ನಡಿಗರು ಮೊದಲು ತಿಳಿಯಬೇಕಾದ ಹೆಸರು ಇದು, ಆದರೆ ನಮ್ಮಲ್ಲಿ ಗೊತ್ತಿರುವವರು ಕಡಿಮೆ.

ಭಾರತದಲ್ಲಿ ಬೇರೆ ಯಾರಾದರೂ?

ಕೇರಳದ ಪುತ್ತನ್‌ಚಿರದ ಸಂತ ಮರಿಯಮ್ ತ್ರೇಸ್ಯಾ. 1914ರಲ್ಲಿ ಪವಿತ್ರ ಕುಟುಂಬದ ಸಂಘ ಸ್ಥಾಪಿಸಿದವರು. ಸಿಡುಬು ತಗುಲಿದವರ, ಕುಷ್ಠರೋಗಿಗಳ ಮನೆಗಳಿಗೆ ನಡೆದು ಹೋಗಿ ಆರೈಕೆ ಮಾಡುತ್ತಿದ್ದರು. ಮೈಮೇಲಿನ ಗಾಯಗಳನ್ನು ಜನರಿಂದ ಮರೆಮಾಡುತ್ತಿದ್ದರು. 2019ರ ಅಕ್ಟೋಬರ್ 13ರಂದು ಸಂತ ಪದವಿ ಬಂತು. ಇನ್ನೊಂದು ನಂಟು: ಪರಮಹಂಸ ಯೋಗಾನಂದರು 1935ರಲ್ಲಿ ಜರ್ಮನಿಗೆ ಹೋಗಿ ತೆರೇಸ ನಾಯ್‌ಮನ್ ಅವರನ್ನು ಕಂಡು, ಅದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಪಂಚಗಾಯ ಇದ್ದರೆ ಸಂತ ಪದವಿ ಸಿಗುತ್ತದೆಯೇ?

ಇಲ್ಲ. ಫ್ರೆಂಚ್ ವೈದ್ಯ ಅಂಬೇರ್-ಗೂರ್ಬೆರ್ 1894ರಲ್ಲಿ ಕೊಟ್ಟ ಪಟ್ಟಿಯಲ್ಲಿ 321 ಹೆಸರುಗಳಿವೆ, ಅದರಲ್ಲಿ ಗಂಡಸರು 41 ಮಾತ್ರ. ಹೆಚ್ಚಿನವರು ಸಂತರಾಗಲಿಲ್ಲ. ಕಥೋಲಿಕ ಧರ್ಮಸಭೆ ನೋಡುವುದು ಬದುಕನ್ನು: ವಿಶ್ವಾಸ, ಪ್ರೀತಿ, ತಾಳ್ಮೆ, ವಿಧೇಯತೆ. ಜೆಮ್ಮಾ ಗಲ್ಗಾನಿ ಅವರ ಸದ್ಗುಣಗಳನ್ನು ಒಪ್ಪಿದ ಆದೇಶದಲ್ಲೇ, ಅವರಿಗಾದ ಅಸಾಧಾರಣ ಅನುಭವಗಳ ಬಗ್ಗೆ ತೀರ್ಪು ಕೊಡುತ್ತಿಲ್ಲ ಎಂದು ಬರೆಯಲಾಗಿತ್ತು.

ಇಂಥ ಘಟನೆಗಳನ್ನು ಪರಿಶೀಲಿಸುವುದಕ್ಕೆ 2024ರ ಮೇ 17ರಂದು ವ್ಯಾಟಿಕನ್ ಹೊಸ ನಿಯಮ ತಂದಿದೆ. ಧರ್ಮಾಧ್ಯಕ್ಷರು ರಚಿಸುವ ತಂಡದಲ್ಲಿ ಕಡೇಪಕ್ಷ ಒಬ್ಬ ದೈವಶಾಸ್ತ್ರಜ್ಞ, ಒಬ್ಬ ಧರ್ಮಸಭೆಯ ಕಾನೂನು ತಜ್ಞ ಮತ್ತು ಘಟನೆಗೆ ತಕ್ಕ ಒಬ್ಬ ವಿಷಯ ತಜ್ಞ ಇರಬೇಕು. ಕೊನೆಯ ತೀರ್ಮಾನಕ್ಕೆ ಆರು ಬಗೆಗಳಿವೆ. ಅವುಗಳಲ್ಲಿ ಅತ್ಯಂತ ಅನುಕೂಲಕರವಾದುದೂ ಅಡ್ಡಿಯಿಲ್ಲ ಎಂದಷ್ಟೇ ಹೇಳುತ್ತದೆ, ಪವಾಡ ಎನ್ನುವುದಿಲ್ಲ.

ಫಿಲಿಪ್ಪೀನ್ಸಿನಲ್ಲಿ ಶುಭಶುಕ್ರವಾರ ಮೊಳೆ ಹೊಡೆಸಿಕೊಳ್ಳುವುದೂ ಇದೇನಾ?

ಅಲ್ಲ. ಅದು ಹರಕೆ. ಗಾಯದ ಕಾರಣ ಎಲ್ಲರ ಕಣ್ಣೆದುರೇ ಇದೆ. ಧರ್ಮಸಭೆ ಅದನ್ನು ಪ್ರೋತ್ಸಾಹಿಸುವುದಿಲ್ಲ.

ನಮ್ಮ ಚರ್ಚಿನವರೊಬ್ಬರು ತಮಗೆ ಗಾಯ ಮೂಡಿದೆ ಎನ್ನುತ್ತಿದ್ದಾರೆ. ಏನು ಮಾಡಬೇಕು?

ಮೊದಲು ಅದನ್ನು ಗಾಯವೆಂದೇ ನೋಡಿ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು ಸ್ಟೆರೈಲ್ ಗಾಜ್ ಹಾಕಿ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಟೆಟನಸ್ ಚುಚ್ಚುಮದ್ದು ಬೇಕೇ ಎಂದು ಕೇಳಿ. ರಕ್ತ ಪದೇ ಪದೇ ಹೋಗುತ್ತಿದ್ದರೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಚರ್ಮವೈದ್ಯರ ಜೊತೆಗೆ ಮನೋವೈದ್ಯರನ್ನೂ ಕಾಣಿಸುವುದು ಒಳ್ಳೆಯದು. ಇದರಲ್ಲಿ ಅವಮಾನ ಏನಿಲ್ಲ. ತಾವೇ ಗಾಯ ಮಾಡಿಕೊಳ್ಳುತ್ತಿರುವ ಸುಳಿವು ಸಿಕ್ಕರೆ ಗದರಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.

ಜೊತೆಗೆ ನಿಮ್ಮ ಚರ್ಚಿನ ವಿಚಾರಣಾ ಗುರುಗಳಿಗೆ ತಿಳಿಸಿ, ಅವರು ಧರ್ಮಾಧ್ಯಕ್ಷರಿಗೆ ತಿಳಿಸುತ್ತಾರೆ. ದಿನಾಂಕ, ಗಂಟೆ, ಗಾಯದ ಜಾಗ, ಅಳತೆ, ಹತ್ತಿರ ಇದ್ದವರ ಹೆಸರು ಬರೆದಿಡಿ. ಫೋಟೋ ತೆಗೆದರೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆದು ವೈದ್ಯರಿಗೆ ಮತ್ತು ಗುರುಗಳಿಗೆ ಮಾತ್ರ ಕೊಡಿ. ವಾಟ್ಸಾಪ್ ಗುಂಪಿಗೆ ಹಾಕಿದ ಕ್ಷಣದಿಂದ ಆ ವ್ಯಕ್ತಿಯ ಬದುಕು ಅವರ ಕೈಯಲ್ಲಿ ಇರುವುದಿಲ್ಲ. ರಕ್ತ ಅಂಟಿದ ಬಟ್ಟೆಯನ್ನು ತುಂಡು ಮಾಡಿ ಹಂಚುವುದು, ಕಾಣಿಕೆ ಡಬ್ಬಿ ಇಡುವುದು, ದರ್ಶನದ ಸಮಯ ಗೊತ್ತು ಮಾಡುವುದು ಇವೆಲ್ಲ ಕೂಡದು. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಎಚ್ಚರವಾಗಿ.

ಈ ಜಾಗಗಳನ್ನು ನೋಡಬಹುದೇ?

ಲಾ ವೆರ್ನಾದಲ್ಲಿ ಫ್ರಾನ್ಸಿಸರಿಗೆ ಗಾಯ ಮೂಡಿದ ಬಂಡೆಯ ಮೇಲೆ ಚಿಕ್ಕ ಪ್ರಾರ್ಥನಾಲಯ ಕಟ್ಟಿದ್ದಾರೆ, ಮಠದ ಸಹೋದರರು ಪ್ರತಿದಿನ ಮಧ್ಯಾಹ್ನ 3 ಗಂಟೆಗೆ ಅಲ್ಲಿಗೆ ಮೆರವಣಿಗೆಯಲ್ಲಿ ಹೋಗುತ್ತಾರೆ. ಹಬ್ಬ ಸೆಪ್ಟೆಂಬರ್ 17. ಪಾದ್ರೆ ಪಿಯೊ ಅವರ ದೇಹ ಸಾನ್ ಜೊವಾನ್ನಿ ರೊಟೊಂಡೊದಲ್ಲಿದೆ; ಅವರು 1956ರಲ್ಲಿ ತೆರೆದ ದೊಡ್ಡ ಆಸ್ಪತ್ರೆ ಅಲ್ಲೇ ಪಕ್ಕದಲ್ಲಿ ಇಂದಿಗೂ ನಡೆಯುತ್ತಿದೆ. ಮರಿಯಮ್ ಬವಾರ್ದಿ ಸೇರಿ ಶುರುಮಾಡಿದ ಕಾರ್ಮೆಲ್ ಸಮುದಾಯ ಮಂಗಳೂರಿನಲ್ಲಿ ಈಗಲೂ ಇದೆ. ಅದು ಹೊರಗೆ ಬಾರದ ಭಗಿನಿಯರ ಏಕಾಂತದ ಮಠವಾದ್ದರಿಂದ ಒಳಗೆ ಸುತ್ತಾಡುವಂತಿಲ್ಲ.